ಅನ್ನಪಾನನಿರೋಧ: ಕಷ್ಟಕಾಲದಲ್ಲಿ ಮೂಕಪ್ರಾಣಿಗಳ ಪಾಲನೆ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ಪರಿಹರಿಸಬೇಕಾದ ಅತಿಚಾರಗಳು ಐದೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ಸಮಂತಭದ್ರಾಚಾರ್ಯರೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಇವನ್ನೇ ಎಣಿಸಿರುವರು. ಪ್ರಾಣಿಯನ್ನು ಅಲುಗಾಡದಂತೆ ಕಟ್ಟಿಹಾಕುವುದು, ಹೊಡೆಯುವುದು, ಅದರ ಅವಯವಗಳನ್ನು ಕೊಯ್ಯುವುದು, ಹೊರಲಾರದ ಭಾರವನ್ನು ಹೇರುವುದು, ಅದಕ್ಕೆ ಸಲ್ಲತಕ್ಕ ಅನ್ನನೀರನ್ನು ತಡೆಯುವುದು. ಮೊದಲಿನ ನಾಲ್ಕನ್ನು ಮಾಡುವವನು ಹಗ್ಗವನ್ನೋ ಕೋಲನ್ನೋ ಕತ್ತಿಯನ್ನೋ ಕೈಯಲ್ಲಿ ಹಿಡಿಯಲೇಬೇಕು. ಐದನೆಯದಕ್ಕೆ ಅಂಥದೇನೂ ಬೇಕಿಲ್ಲ. ಕಟ್ಟಿದ ದನದ ಮುಂದೆ ಮೇವು ಹಾಕದೆ ಮನೆಯಲ್ಲಿ ಸುಮ್ಮನೆ ಕುಳಿತವನಿಂದಲೂ ಅದು ಘಟಿಸಿಬಿಡುತ್ತದೆ.

ಆದುದರಿಂದಲೇ ಈ ಐದನೆಯ ಅತಿಚಾರದ ಬಗೆಗೆ ಶ್ರಾವಕರು ಹೆಚ್ಚು ಯೋಚಿಸುವುದಿಲ್ಲ. ಪರ್ವದಿನಗಳಲ್ಲಿ ಪ್ರತಿಕ್ರಮಣಕ್ಕೆ ಕುಳಿತಾಗ ದೋಷಗಳನ್ನು ಒಂದೊಂದಾಗಿ ನೆನೆಯುವವರು ಇಲ್ಲಿಗೆ ಬಂದೊಡನೆ, “ಮನೆಯಲ್ಲಿ ದನವಿಲ್ಲ, ಎತ್ತಿಲ್ಲ, ಅನ್ನಪಾನವನ್ನು ತಡೆಯುವ ಮಾತೆಲ್ಲಿ ಬಂತು” ಎಂದು ಮುಂದೆ ಸಾಗುತ್ತಾರೆ. ಪಟ್ಟಣಗಳಲ್ಲಿ ನೆಲೆಸಿರುವ ಮನೆಗಳ ಮಟ್ಟಿಗೆ ಈ ಮಾತು ಮೇಲುನೋಟಕ್ಕೆ ನಿಜವೂ ಹೌದು. ಆದರೆ ಸಮಾಜದ ಹೆಸರಿನಲ್ಲಿ ಗೋಶಾಲೆಯೊಂದು ನಡೆಯುತ್ತಿದ್ದರೆ, ಅದರ ಉದ್ಘಾಟನೆಯ ಫಲಕದಲ್ಲಿ ಊರಿನ ಪಂಚರ ಹೆಸರುಗಳಿದ್ದರೆ, ಅಲ್ಲಿಯ ಗೂಟಕ್ಕೆ ಕಟ್ಟಿದ ಹಗ್ಗವು ಯಾರದು? ಆ ದನವು ತಾನಾಗಿ ಬಂದು ಅಲ್ಲಿ ಕಟ್ಟಿಸಿಕೊಂಡುದಲ್ಲ. ಬೀದಿಯಲ್ಲಿದ್ದಾಗ ಅದು ಅಲ್ಲಿಷ್ಟು ಇಲ್ಲಿಷ್ಟು ಹುಡುಕಿ ತಿನ್ನುತ್ತಿತ್ತು. ಬೇಲಿಯೊಳಗೆ ತಂದ ಮೇಲೆ ಆ ದಾರಿಯೂ ಮುಚ್ಚಿತು. ರಕ್ಷಣೆಗೆಂದು ಬೇಲಿ ಹಾಕಿದವರ ಮೇಲೆ ಆ ದಿನದಿಂದಲೇ ಅದರ ಅನ್ನಪಾನದ ಹೊಣೆಯು ಬಿದ್ದಿರುತ್ತದೆ.

ಲೌಕಿಕ ಕಾನೂನೂ ಇದನ್ನೇ ಹೇಳುತ್ತದೆ. 1960ರಲ್ಲಿ ಬಂದ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಹನ್ನೊಂದನೆಯ ಪ್ರಕರಣದಲ್ಲಿ, ತನ್ನ ಒಡೆತನದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯಗಳನ್ನು ಒದಗಿಸದಿರುವುದನ್ನು ಕ್ರೌರ್ಯವೆಂದು ಪರಿಗಣಿಸಲಾಗಿದೆ. ಆಚಾರ್ಯರು ಎಷ್ಟೋ ಶತಮಾನಗಳ ಹಿಂದೆ ಅತಿಚಾರವೆಂದು ಹೇಳಿದ್ದನ್ನು ಸಂಸತ್ತು ಇಪ್ಪತ್ತನೆಯ ಶತಮಾನದಲ್ಲಿ ಅಪರಾಧವೆಂದು ಹೇಳಿತು.

ಪ್ರಾಣಿಗಳಿಗೆ ಆಶ್ರಯ ಕೊಡುವ ಸಂಪ್ರದಾಯವು ಈ ದೇಶದಲ್ಲಿ ಹೊಸದಲ್ಲ. 1623ರಲ್ಲಿ ಗುಜರಾತಿನ ಖಂಭಾತಕ್ಕೆ ಬಂದ ಪೀಯೆತ್ರೋ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯು ಅಲ್ಲಿ ಪಕ್ಷಿಗಳಿಗೂ ಆಡುಕುರಿಗಳಿಗೂ ಇದ್ದ ಆಸ್ಪತ್ರೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಅವನು ಕಂಡ ಒಂದು ದೃಶ್ಯವಂತೂ ಶ್ರಾವಕರೆಲ್ಲರೂ ತಿಳಿದಿರಬೇಕಾದುದು. ತಾಯಿತಂದೆಗಳಿಲ್ಲದ ಇಲಿಮರಿಗಳನ್ನು ಯಾರೋ ಆ ಪಕ್ಷಿಗಳ ಆಸ್ಪತ್ರೆಗೆ ತಂದುಬಿಟ್ಟಿದ್ದರು. ಬಿಳಿಗಡ್ಡದ ಮುದುಕನೊಬ್ಬನು ಮೂಗಿನ ಮೇಲೆ ಕನ್ನಡಕವನ್ನಿಟ್ಟುಕೊಂಡು, ಪೆಟ್ಟಿಗೆಯಲ್ಲಿ ಹತ್ತಿಯ ನಡುವೆ ಅವನ್ನಿರಿಸಿ, ಹಕ್ಕಿಯ ಗರಿಯ ತುದಿಯಿಂದ ಹಾಲನ್ನು ಒಂದೊಂದು ಹನಿಯಾಗಿ ಅವುಗಳ ಬಾಯಿಗೆ ಬಿಡುತ್ತಿದ್ದನು. ಬಲಿತ ಮೇಲೆ ಅವನ್ನು ಬಿಟ್ಟುಬಿಡುವುದೆಂದು ಅವನ ಉದ್ದೇಶ. ಆ ಮುದುಕನ ಹೆಸರು ಪ್ರವಾಸಿಯ ಬರಹದಲ್ಲಿಲ್ಲ. ಇಲಿಮರಿಗೆ ಹಾಲು ಕುಡಿಸಲು ಕನ್ನಡಕ ಹಾಕಿಕೊಂಡು ಕುಳಿತುಕೊಳ್ಳುವ ಸಹನೆಯಿದೆಯಲ್ಲ, ಅದು ಒಂದು ದಿನದ ಉತ್ಸಾಹದಿಂದ ಬರತಕ್ಕದ್ದಲ್ಲ.

ಮುಂಬಯಿಯ ಪಿಂಜರಾಪೋಲವು ಸ್ಥಾಪನೆಯಾದುದು 1834ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, ಬೀದಿನಾಯಿಗಳನ್ನು ಕೊಲ್ಲುವಂತೆ ಸರಕಾರವು ಹೊರಡಿಸಿದ ಆಜ್ಞೆಯನ್ನು ಪಾರ್ಸಿ ಬಂಧುಗಳು ಮೊದಲಾಗಿ ಪ್ರತಿಭಟಿಸಿ, ನಗರದಲ್ಲಿ ದೊಡ್ಡ ಗಲಭೆಯೇ ಆಗಿತ್ತು. ಅನಂತರ ಪಾರ್ಸಿ ಶ್ರೀಮಂತ ಜಮಶೇಟ್‌ಜಿ ಜೀಜೀಭಾಯಿಯವರೂ ಜೈನ, ಹಿಂದೂ ವರ್ತಕರೂ ಕೂಡಿ ಆ ನೆಲೆಯನ್ನು ಕಟ್ಟಿದರು. ಅದನ್ನು ನಡೆಸಲು ಅವರು ಅನುಸರಿಸಿದ ಕ್ರಮವು ಗಮನಾರ್ಹವಾದುದು. ಹತ್ತಿ ಮೊದಲಾದ ಸರಕುಗಳ ವ್ಯಾಪಾರದ ಮೇಲೆ ಇಂತಿಷ್ಟೆಂದು ಒಂದು ಚಿಕ್ಕ ಲಾಗಾವನ್ನು ವರ್ತಕರು ತಮ್ಮ ಮೇಲೆ ತಾವೇ ಹೇರಿಕೊಂಡರು. ಕೊಡುವವನ ಮನಸ್ಸು ಆ ದಿನ ಕರಗಿತೋ ಇಲ್ಲವೋ ಎಂಬುದನ್ನು ಅದು ಅವಲಂಬಿಸಿರಲಿಲ್ಲ. ಸರಕು ಮಾರಾಟವಾದರೆ ದನದ ಪಾಲು ಬೇರೆಯಾಗುತ್ತಿತ್ತು. ನಿಯಮವೆಂಬ ಶಬ್ದಕ್ಕೆ ಶ್ರಾವಕಾಚಾರದಲ್ಲಿ ಯಾವ ಅರ್ಥವಿದೆಯೋ ಅದೇ ಅರ್ಥದಲ್ಲಿ ಅವರು ದಾನವನ್ನು ನಿಯಮವಾಗಿ ಮಾಡಿದ್ದರು.

ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಧರ್ಮಾರ್ಥ ಆಸ್ಪತ್ರೆಯು ದಿಗಂಬರ ಸಮಾಜದ ಕೀರ್ತಿ. 1929ರಲ್ಲಿ ಆರಂಭವಾಗಿ 1957ರಲ್ಲಿ ಮಂದಿರದ ಆವರಣದ ಕಟ್ಟಡಕ್ಕೆ ಬಂದ ಈ ಆಸ್ಪತ್ರೆಯಲ್ಲಿ ಗಾಳಿಪಟದ ದಾರಕ್ಕೆ ರೆಕ್ಕೆ ಕೊಯ್ದುಕೊಂಡ, ಪಂಖಕ್ಕೆ ಸಿಕ್ಕಿ ಗಾಯಗೊಂಡ ಪಾರಿವಾಳಗಳನ್ನು ನಿತ್ಯವೂ ತರುತ್ತಾರೆ. ಹದ್ದು, ಗಿಡುಗಗಳಂತಹ ಮಾಂಸಾಹಾರಿ ಪಕ್ಷಿಗಳನ್ನು ಒಳರೋಗಿಗಳಾಗಿ ಇರಿಸಿಕೊಳ್ಳುವುದಿಲ್ಲ. ಆದರೆ ಹೊರಗೇ ನೋಡಿ ಔಷಧೋಪಚಾರ ಮಾಡಿ ಕಳುಹಿಸುತ್ತಾರೆ. ಹಿಂಸ್ರಪ್ರಾಣಿಗೆ ಉಪಚಾರ ಮಾಡಬಹುದೇ ಎಂಬ ಚರ್ಚೆಯನ್ನು ಬಸದಿಯ ಜಗುಲಿಯ ಮೇಲೆ ಗಂಟೆಗಟ್ಟಲೆ ನಡೆಸುವವರಿಗೆ ಆ ಆಸ್ಪತ್ರೆಯವರು ಮಾಡಿ ತೋರಿಸಿದ ಈ ಸಮಾಧಾನವು ಸಾಕು.

ಇನ್ನು ಕಷ್ಟಕಾಲದ ವಿಚಾರ. ಸುಭಿಕ್ಷದಲ್ಲಿ ಗೋಶಾಲೆಯನ್ನು ನಡೆಸುವುದು ದೊಡ್ಡ ಮಾತಲ್ಲ. ಹುಲ್ಲು ಅಗ್ಗವಾಗಿರುತ್ತದೆ, ದಾನಿಗಳ ಕೈ ಸಡಿಲವಾಗಿರುತ್ತದೆ, ರೈತನು ತನ್ನ ರಾಸನ್ನು ತಾನೇ ಸಾಕಿಕೊಳ್ಳುತ್ತಾನೆ. ಬರಗಾಲದಲ್ಲಿ ಈ ಮೂರೂ ಏಕಕಾಲಕ್ಕೆ ತಿರುಗಿಬೀಳುತ್ತವೆ. ಹುಲ್ಲಿನ ಬೆಲೆ ಏರುತ್ತದೆ. ಅದನ್ನು ಕೊಳ್ಳಲಾರದ ರೈತನು ದನವನ್ನು ಗೋಶಾಲೆಯ ಬಾಗಿಲಿಗೆ ತಂದು ಬಿಡುತ್ತಾನೆ. ತರದಿದ್ದರೆ ಅದು ಕಟುಕನ ಪಾಲು. ಅದೇ ಬರದಿಂದ ವ್ಯಾಪಾರ ಕುಗ್ಗಿದ ದಾನಿಯು ತನ್ನ ಖರ್ಚುಗಳನ್ನು ಕಡಿಮೆ ಮಾಡಲು ಹೊರಟು, ಎಲ್ಲಕ್ಕಿಂತ ಮೊದಲು ಬಾಯಿಲ್ಲದ ಪ್ರಾಣಿಗೆ ಕೊಡುತ್ತಿದ್ದುದನ್ನು ನಿಲ್ಲಿಸುತ್ತಾನೆ. ಆಳಿನ ಸಂಬಳವನ್ನು ನಿಲ್ಲಿಸಿದರೆ ಆಳು ಬಂದು ಕೇಳುತ್ತಾನೆ, ಸಾಲದ ಬಡ್ಡಿ ನಿಂತರೆ ಬ್ಯಾಂಕಿನಿಂದ ಪತ್ರ ಬರುತ್ತದೆ. ಗೋಶಾಲೆಯ ದನವು ಕೇಳಲು ಬರುವುದಿಲ್ಲ.

1899–1900ರಲ್ಲಿ ಗುಜರಾತ, ರಾಜಸ್ಥಾನಗಳನ್ನು ಹಾಳುಗೆಡವಿದ ಕ್ಷಾಮವನ್ನು ವಿಕ್ರಮ ಸಂವತ್ 1956ರ ಲೆಕ್ಕದಿಂದ ‘ಛಪ್ಪನಿಯಾ’ ಎಂದು ಕರೆಯುವರು. ಧಾನ್ಯದ ಬರ, ನೀರಿನ ಬರ, ಹುಲ್ಲಿನ ಬರ, ಮೂರೂ ಒಟ್ಟಿಗೆ ಬಂದುದರಿಂದ ಅದು ‘ತ್ರಿಕಾಲ’. ಹುಲ್ಲಿನ ಬರಕ್ಕೆ ಬೇರೆಯೇ ಒಂದು ಹೆಸರನ್ನಿಟ್ಟಿದ್ದ ಆ ಸೀಮೆಯ ಜನರು ಪಶುಗಳ ಹಸಿವನ್ನು ಮನುಷ್ಯರ ಹಸಿವಿನೊಡನೆ ಬೆರೆಸದೆ ಲೆಕ್ಕವಿಡುತ್ತಿದ್ದರೆಂಬುದು ಸ್ಪಷ್ಟ. ಅಷ್ಟಾಗಿಯೂ ಆ ವರ್ಷ ಸತ್ತ ದನಗಳಿಗೆ ಮಿತಿಯಿಲ್ಲ.

ಇತ್ತೀಚಿನ ವರ್ಷಗಳೂ ಕಡಿಮೆಯವಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಜಮಖಂಡಿ ಭಾಗದ ಹಳ್ಳಿಗಳು ಮುಳುಗಿದವು. ಜೈನ ಒಕ್ಕಲು ಮನೆತನಗಳು ದಟ್ಟವಾಗಿರುವ ಸೀಮೆಯದು. ಅಂತಹ ಹೊತ್ತಿನಲ್ಲಿ ಕೊಟ್ಟಿಗೆಯ ಹಗ್ಗವನ್ನು ಬಿಚ್ಚಿಬಿಟ್ಟರೆ ದನವು ಈಜಿಯಾದರೂ ದಡ ಸೇರಬಹುದು. ಕಟ್ಟಿಯೇ ಬಿಟ್ಟು ಓಡಿದರೆ ಬಂಧವೆಂಬ ಅತಿಚಾರವು ವಧೆಯಲ್ಲಿಯೇ ಮುಗಿಯುತ್ತದೆ. 2020ರ ಮಾರ್ಚ್ 25ರಿಂದ ಮಹಾಮಾರಿಯ ದಿಗ್ಬಂಧನ ಬಂದಾಗ ಪಶುಮೇವಿನ ಮಾರಾಟಕ್ಕೆ ಸರಕಾರದ ಆಜ್ಞೆಯಲ್ಲಿ ವಿನಾಯಿತಿ ಇದ್ದಿತಾದರೂ ಬಸದಿ, ದೇವಸ್ಥಾನಗಳ ಬಾಗಿಲು ಮುಚ್ಚಿ, ಅಲ್ಲಿಯ ಹುಂಡಿ, ವಂತಿಗೆಗಳೂ ನಿಂತುಹೋದವು. ಖಾನಾವಳಿಗಳ ಹಿಂಬಾಗಿಲಿನಲ್ಲಿ ಬದುಕುತ್ತಿದ್ದ ಬೀದಿನಾಯಿಗಳಿಗೂ ಯಾತ್ರಾಸ್ಥಳಗಳ ಮಂಗಗಳಿಗೂ ಒಮ್ಮೆಲೇ ಉಪವಾಸ ಬಂದಿತು. ಆಗ ಅನುಮತಿಪತ್ರ ಪಡೆದು ಬುಟ್ಟಿಯಲ್ಲಿ ಅನ್ನವನ್ನಿಟ್ಟುಕೊಂಡು ಓಣಿ ಓಣಿ ತಿರುಗಿದ ತರುಣರು ಅನೇಕ ನಗರಗಳಲ್ಲಿದ್ದರು. ಅವರಲ್ಲಿ ಎಷ್ಟೋ ಜನರಿಗೆ ಅಣುವ್ರತದ ಹೆಸರೂ ತಿಳಿದಿರಲಿಕ್ಕಿಲ್ಲ. 2023ರಲ್ಲಿ ಕರ್ನಾಟಕದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸರಕಾರವೇ ಸಾರಿತು.

ಇವೆಲ್ಲಕ್ಕಿಂತ ಹೆಚ್ಚು ಚಿಂತೆಗೆ ಹಚ್ಚುವುದು 2022ರಲ್ಲಿ ಗುಜರಾತದಲ್ಲಿ ನಡೆದ ಸಂಗತಿ. ಅಲ್ಲಿಯ ಸರಕಾರವು ಗೋಶಾಲೆ, ಪಿಂಜರಾಪೋಲಗಳ ನೆರವಿಗೆ ಆಯವ್ಯಯದಲ್ಲಿ 500 ಕೋಟಿ ರೂಪಾಯಿಗಳನ್ನು ಘೋಷಿಸಿತ್ತು. ಹಣವು ಕೈಗೆ ಬಾರದೆ ತಿಂಗಳುಗಳು ಕಳೆದವು. ಅದೇ ವರ್ಷ ಚರ್ಮಗಂಟು ರೋಗವೂ ಹಬ್ಬಿತ್ತು. ಸೆಪ್ಟೆಂಬರ್‌ನಲ್ಲಿ ಬನಾಸ್‌ಕಾಂಠಾ ಮೊದಲಾದ ಕಡೆಗಳ ವಿಶ್ವಸ್ತರು ಬೇಸತ್ತು ಗೋಶಾಲೆಗಳ ಬಾಗಿಲನ್ನು ತೆರೆದು ದನಗಳನ್ನು ರಸ್ತೆಗೂ ಸರಕಾರಿ ಕಚೇರಿಗಳ ಆವರಣಗಳಿಗೂ ಬಿಟ್ಟರು. ತಿಂಗಳ ಕೊನೆಗೆ ಆ ಯೋಜನೆಯು ವಿಧಿವತ್ತಾಗಿ ಆರಂಭವಾಯಿತು. ವಿಶ್ವಸ್ತರ ಸಂಕಟವು ನಿಜವಾದುದೇ. ಸಾವಿರಾರು ಬಾಯಿಗಳಿಗೆ ಮೇವು ಒದಗಿಸಬೇಕಾದವರ ಸ್ಥಿತಿಯನ್ನು ದೂರದಲ್ಲಿ ಕುಳಿತು ತೂಗುವುದು ಸುಲಭ. ಆದರೂ ಹೆದ್ದಾರಿಯ ಮೇಲೆ ನಿಂತ ಆ ದನವು ಯಾರೊಡನೆಯೂ ಜಗಳವಾಡಿರಲಿಲ್ಲ. ಸರಕಾರದ ನೆರವು ಬಂದರೆ ಸಂತೋಷ. ಅದು ಬರುವ ತನಕ ಗೋದಲಿಯು ಬರಿದಾಗದಷ್ಟು ಸಂಗ್ರಹವನ್ನು ಸಮಾಜವೇ ಇಟ್ಟುಕೊಳ್ಳದಿದ್ದರೆ ಇಂತಹ ದಿನವು ಯಾವ ಊರಿಗಾದರೂ ಬರಬಹುದು.

ಈ ವಿಷಯದಲ್ಲಿ ಶ್ರಾವಕರಿಂದ ಕೇಳಿಬರುವ ಆಕ್ಷೇಪಗಳಲ್ಲಿ ಮೂರು ಮುಖ್ಯವಾದುವು.

ತಿರ್ಯಂಚಗತಿಯ ಜೀವವು ತನ್ನ ಅಸಾತಾವೇದನೀಯ ಕರ್ಮದ ಉದಯವನ್ನು ಅನುಭವಿಸುತ್ತಿದೆ, ಅದರಲ್ಲಿ ಕೈ ಹಾಕುವುದೇಕೆ ಎಂಬುದು ಮೊದಲನೆಯದು. ಉದಯವು ಆ ಜೀವದ್ದೇ, ಸಂದೇಹವಿಲ್ಲ. ಆದರೆ ನೋಡುತ್ತ ನಿಂತವನಿಗೂ ಆ ಕ್ಷಣದಲ್ಲಿ ಒಂದು ಆಸ್ರವವು ನಡೆಯುತ್ತಿರುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಸಾತಾವೇದನೀಯದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಸಮಸ್ತ ಪ್ರಾಣಿಗಳ ಮೇಲಿನ ಅನುಕಂಪೆಯನ್ನೇ ಮೊದಲು ಹೇಳಿ, ದಾನವನ್ನು ಅನಂತರ ಹೇಳಲಾಗಿದೆ. ಕಷ್ಟದಲ್ಲಿರುವ ಜೀವಿಗಳನ್ನು ಕಂಡಾಗ ಕಾರುಣ್ಯವನ್ನು ಭಾವಿಸಬೇಕೆಂಬುದು ಏಳನೆಯ ಅಧ್ಯಾಯದ ಉಪದೇಶ. ಕರ್ಮಸಿದ್ಧಾಂತವನ್ನು ಕೈಕಟ್ಟಿ ನಿಲ್ಲಲು ನೆಪವಾಗಿ ಮಾಡಿಕೊಳ್ಳುವವನು, ತನ್ನ ಮಗುವಿಗೆ ಜ್ವರ ಬಂದಾಗ ಮಾತ್ರ ವೈದ್ಯರನ್ನು ಕರೆಯದೆ ಇರುವುದಿಲ್ಲ!

ಎರಡನೆಯದು ಸ್ವಲ್ಪ ಸೂಕ್ಷ್ಮವಾದುದು. ಉಪವಾಸದಿಂದ ಕರ್ಮನಿರ್ಜರೆಯಾಗುವುದರಿಂದ ಹಸಿದ ದನಕ್ಕೂ ಅದರಿಂದ ಲಾಭವೇ ಅಲ್ಲವೇ ಎಂಬ ವಾದ. ಅಕಾಮನಿರ್ಜರೆ ಎಂಬ ಶಬ್ದವನ್ನು ಅರೆಬರೆಯಾಗಿ ಕೇಳಿದವರು ಹೀಗೆನ್ನುವರು. ಸೆರೆಯಲ್ಲಿ ಕಟ್ಟಲ್ಪಟ್ಟವನು ತನ್ನ ಇಚ್ಛೆಯಿಲ್ಲದೆ ಹಸಿವು ಬಾಯಾರಿಕೆಗಳನ್ನು ಸಹಿಸುವುದನ್ನು ಅಕಾಮನಿರ್ಜರೆಗೆ ಉದಾಹರಣೆಯಾಗಿ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಸಹಿಸಿದವನಿಗೆ ಅದರಿಂದ ಏನು ಫಲವೆಂಬುದನ್ನು ಅವರು ಹೇಳಿದರೇ ಹೊರತು, ಹಾಗೆ ಕಟ್ಟಿಹಾಕಿದವನಿಗೆ ದೋಷವಿಲ್ಲವೆಂದು ಹೇಳಲಿಲ್ಲ. ಭೋಜ ಗ್ರಾಮದವರಾದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಯಮಸಲ್ಲೇಖನವನ್ನು ಸ್ವೀಕರಿಸಿ 36 ದಿನಗಳಲ್ಲಿ ದೇಹವನ್ನು ಬಿಟ್ಟರು. ಆಹಾರವು ಕೈಗೆಟುಕುವಂತಿದ್ದೂ ವಿವೇಕದಿಂದ ಅದನ್ನು ತ್ಯಜಿಸಿದ ಆ ಮಹಾತ್ಮರ ಅನಶನವೆಲ್ಲಿ, ಗೂಟಕ್ಕೆ ಕಟ್ಟಿಸಿಕೊಂಡು ಬರಿಯ ಗೋದಲಿಯನ್ನು ನೆಕ್ಕುವ ಪಶುವಿನ ಹಸಿವೆಲ್ಲಿ. ಇವೆರಡನ್ನೂ ಉಪವಾಸವೆಂಬ ಒಂದೇ ಹೆಸರಿನಿಂದ ಕರೆಯುವುದೇ ಅಪಚಾರ. ಅಷ್ಟಮಿ, ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವ ಮನೆಯವರಿಗೆ ಹಸಿವಿನ ಸಂಜೆ ಹೇಗಿರುತ್ತದೆಂಬುದು ಗೊತ್ತು. ಮರುದಿನ ಪಾರಣೆಯಿದೆಯೆಂಬ ಅರಿವಿನಿಂದ ಆ ಸಂಜೆಯನ್ನು ದಾಟುತ್ತಾರೆ. ಪಶುವಿಗೆ ಆ ಅರಿವಿರುವುದಿಲ್ಲ.

ಪಶುವು ಪಾತ್ರವಲ್ಲ, ಮುನಿಗಳಿಗೂ ತ್ಯಾಗಿಗಳಿಗೂ ಕೊಟ್ಟದ್ದೇ ದಾನವೆಂಬುದು ಮೂರನೆಯ ಆಕ್ಷೇಪ. ಪಾತ್ರದಾನದ ಮಹಿಮೆಯು ಬೇರೆ. ಆದರೆ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಯನ್ನು ನಾಲ್ಕು ಬಗೆಯಾಗಿ ವಿಭಾಗಿಸಿ, ಪಾತ್ರದತ್ತಿಯೊಡನೆ ದಯಾದತ್ತಿಯನ್ನೂ ಪ್ರತ್ಯೇಕವಾಗಿ ಹೇಳಿದ್ದಾರೆ. ಅನುಗ್ರಹಕ್ಕೆ ಅರ್ಹವಾದ ಪ್ರಾಣಿಸಮೂಹಕ್ಕೆ ದಯೆಯಿಂದ ಅಭಯವನ್ನು ಕೊಡುವುದೇ ದಯಾದತ್ತಿ. ಅಲ್ಲಿ ಯೋಗ್ಯತೆಯ ವಿಚಾರಣೆಯಿಲ್ಲ, ಕಷ್ಟದಲ್ಲಿರುವುದೇ ಯೋಗ್ಯತೆ.

ಪಶುವಿನ ಯೋಗ್ಯತೆಯನ್ನು ಕುರಿತು ಹಗುರವಾಗಿ ಮಾತನಾಡುವವರು ರತ್ನಕರಂಡಕವನ್ನು ಇನ್ನೊಮ್ಮೆ ತೆರೆದು ನೋಡತಕ್ಕದ್ದು. ನಾಲ್ಕು ದಾನಗಳಿಗೆ ಸಮಂತಭದ್ರಾಚಾರ್ಯರು ನಾಲ್ವರನ್ನು ದೃಷ್ಟಾಂತವಾಗಿ ಕೊಟ್ಟಿದ್ದಾರೆ. ಶ್ರೀಷೇಣ, ವೃಷಭಸೇನೆ, ಕೌಂಡೇಶ ಎಂಬ ಮೂವರು ಮನುಷ್ಯರು. ನಾಲ್ಕನೆಯದು ಒಂದು ಹಂದಿ. ಆಶ್ರಯದಾನಕ್ಕೆ ಆಚಾರ್ಯರಿಗೆ ದೊರೆತ ಉದಾಹರಣೆ ಒಂದು ಕಾಡುಹಂದಿ!

ಅದರ ಕಥೆಯನ್ನು ಟೀಕಾಕಾರರಾದ ಪ್ರಭಾಚಂದ್ರರು ಹೇಳಿರುವರು. ಮಾಳವದೇಶದ ಘಟಗ್ರಾಮದಲ್ಲಿ ದೇವಿಲನೆಂಬ ಕುಂಬಾರನೂ ಧರ್ಮಿಲನೆಂಬ ಅವನ ಜೊತೆಗಾರನೂ ಕೂಡಿ ದಾರಿಹೋಕರಿಗಾಗಿ ಒಂದು ತಂಗುಮನೆಯನ್ನು ಕಟ್ಟಿಸಿದ್ದರು. ಒಂದು ದಿನ ದೇವಿಲನು ಅಲ್ಲಿ ದಿಗಂಬರ ಮುನಿಯೊಬ್ಬರಿಗೆ ತಂಗಲು ಸ್ಥಳ ಕೊಟ್ಟನು. ಆಮೇಲೆ ಬಂದ ಧರ್ಮಿಲನು ಮುನಿಯನ್ನು ಹೊರಗಟ್ಟಿ, ತಾನು ಕರೆತಂದ ಪರಿವ್ರಾಜಕನನ್ನು ಒಳಗಿರಿಸಿದನು. ಮುನಿಗಳು ರಾತ್ರಿಯೆಲ್ಲ ಮರದ ಕೆಳಗೆ ಸೊಳ್ಳೆ ಚಳಿಗಳನ್ನು ಸಹಿಸುತ್ತ ಕುಳಿತರು. ಬೆಳಗಾದಾಗ ಇದನ್ನು ಕಂಡ ದೇವಿಲನಿಗೂ ಧರ್ಮಿಲನಿಗೂ ಜಗಳ ಹತ್ತಿ, ಹೊಡೆದಾಡಿ ಇಬ್ಬರೂ ಸತ್ತರು. ವಿಂಧ್ಯದ ಕಾಡಿನಲ್ಲಿ ದೇವಿಲನು ಹಂದಿಯಾಗಿ, ಧರ್ಮಿಲನು ಹುಲಿಯಾಗಿ ಹುಟ್ಟಿದರು. ಹಂದಿಯಿದ್ದ ಗುಹೆಗೆ ಒಮ್ಮೆ ಇಬ್ಬರು ಮುನಿಗಳು ಬಂದು ನೆಲೆಸಿದರು. ಅವರನ್ನು ಕಂಡು ಹಂದಿಗೆ ಪೂರ್ವಜನ್ಮದ ಸ್ಮರಣೆಯಾಗಿ, ಧರ್ಮವನ್ನು ಕೇಳಿ ವ್ರತವನ್ನು ಸ್ವೀಕರಿಸಿತು. ಮನುಷ್ಯರ ವಾಸನೆಯನ್ನು ಹಿಡಿದು ಹುಲಿಯು ಬಂದಾಗ ಅದು ಗುಹೆಯ ಬಾಗಿಲಿಗೆ ಅಡ್ಡವಾಗಿ ನಿಂತು ಕಾದಾಡಿತು. ಎರಡೂ ಸತ್ತುಬಿದ್ದವು. ಹಂದಿಯು ಸೌಧರ್ಮಸ್ವರ್ಗದಲ್ಲಿ ದೇವನಾಯಿತು. ಹುಲಿಗೆ ನರಕ ಪ್ರಾಪ್ತವಾಯಿತು.

ಈ ಕಥೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ತಂಗುಮನೆಯನ್ನು ಕಟ್ಟಿಸಿದ ಪುಣ್ಯದಲ್ಲಿ ದೇವಿಲ, ಧರ್ಮಿಲ ಇಬ್ಬರಿಗೂ ಪಾಲಿತ್ತು. ಹಣವನ್ನು ಇಬ್ಬರೂ ಹಾಕಿದ್ದರು. ಒಳಗೆ ಬಂದವನನ್ನು ಕತ್ತಲಲ್ಲಿ ಹೊರಗೆ ಕಳುಹಿಸಿದುದರಿಂದ ಇಬ್ಬರ ಗತಿಯೂ ಬೇರೆಯಾಯಿತು. ಗೋಶಾಲೆಗೆ ಅಡಿಗಲ್ಲು ಹಾಕಿಸಿ, ಅಮೃತಶಿಲೆಯ ಫಲಕದಲ್ಲಿ ಹೆಸರು ಕೆತ್ತಿಸಿ, ಮೂರನೆಯ ಬೇಸಿಗೆಗೆ ಮೇವಿನ ಹಣವನ್ನು ನಿಲ್ಲಿಸಿದವರು ಈ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಯೋಚಿಸಬೇಕು. ಸಂಜ್ಞೀ ಪಂಚೇಂದ್ರಿಯ ತಿರ್ಯಂಚವು ದೇಶವ್ರತವನ್ನು ಧರಿಸಿ ಐದನೆಯ ಗುಣಸ್ಥಾನಕ್ಕೆ ಏರಬಲ್ಲುದೆಂಬುದು ಆಗಮಸಿದ್ಧವಾದ ಮಾತು. ಕೊಟ್ಟಿಗೆಯಲ್ಲಿರುವ ಜೀವವು ಗುಣಸ್ಥಾನದಲ್ಲಿ ಮೇವು ಹಾಕುವವನಿಗಿಂತ ಮೇಲಿರುವುದು ಅಸಂಭವವೇನೂ ಅಲ್ಲ.

ಜೀವಂಧರಕುಮಾರನ ಕಥೆಯನ್ನೂ ಇಲ್ಲಿ ಸ್ಮರಿಸಬಹುದು. ವಾದೀಭಸಿಂಹಸೂರಿಗಳ ಕ್ಷತ್ರಚೂಡಾಮಣಿಯಿಂದಲೂ 1424ರಲ್ಲಿ ಭಾಸ್ಕರಕವಿಯು ರಚಿಸಿದ ಕನ್ನಡ ಜೀವಂಧರಚರಿತೆಯಿಂದಲೂ ಆ ಕುಮಾರನು ಜೈನಮನೆಗಳಿಗೆ ಪರಿಚಿತನು. ಹೋಮದ ಅನ್ನವನ್ನು ಮುಟ್ಟಿತೆಂದು ಜನರಿಂದ ಹೊಡೆಸಿಕೊಂಡು ಸಾಯುತ್ತ ಬಿದ್ದಿದ್ದ ನಾಯಿಯ ಕಿವಿಯಲ್ಲಿ ಅವನು ಪಂಚನಮಸ್ಕಾರವನ್ನು ಉಸಿರಿದನು. ಅದು ಯಕ್ಷನಾಗಿ ಹುಟ್ಟಿ ಕೊನೆಯವರೆಗೂ ಅವನಿಗೆ ನೆರವಾಯಿತು. ಆದರೆ ಮಂತ್ರಕ್ಕೆ ಮೊದಲು ಅವನು ಅದನ್ನು ಬದುಕಿಸಲು ಯತ್ನಿಸಿದ್ದನೆಂಬುದನ್ನು ಹೇಳುವವರು ಕಡಿಮೆ. ಉಪಚಾರವು ಕೈಗೂಡದಾಗ ಮಂತ್ರ. ಈಗ ಕೆಲವರು ಮಂತ್ರದಿಂದಲೇ ಆರಂಭಿಸಿ ಅಲ್ಲಿಗೇ ಮುಗಿಸುತ್ತಾರೆ.

ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಲೇಬೇಕಾಗಿದೆ. ಮದ್ಯ, ಮಾಂಸ, ಮಧುಗಳನ್ನು ತ್ಯಜಿಸಿದ ಜೈನಮನೆಯಲ್ಲಿ ಹಾಲು, ಮೊಸರು, ತುಪ್ಪಗಳು ಬಿಟ್ಟುಹೋಗಿಲ್ಲ. ನೋಂಪಿಯ ಪಾರಣೆಯೂ ಹಾಲಿನಿಂದ, ಜಿನಾಭಿಷೇಕವೂ ಅನೇಕ ಬಸದಿಗಳಲ್ಲಿ ಹಾಲಿನಿಂದ. ಆ ಹಾಲನ್ನು ಕೊಟ್ಟ ಹಸು ಬತ್ತಿದ ಮೇಲೆ ಎಲ್ಲಿಗೆ ಹೋಯಿತು, ಅದರ ಹೋರಿಗರು ಎಲ್ಲಿಗೆ ಹೋಯಿತು ಎಂದು ವಿಚಾರಿಸುವವರೆಷ್ಟು ಮಂದಿ? ಟ್ರ್ಯಾಕ್ಟರು ಬಂದ ಮೇಲೆ ಗಂಡುಕರು ರೈತನಿಗೆ ಬೇಡವಾಯಿತು. ಗೋಶಾಲೆಗಳಲ್ಲಿ ತುಂಬಿರುವವು ಬಹುತೇಕ ಇವೇ: ಗೊಡ್ಡುಹಸುಗಳು, ಮುದಿಯೆತ್ತುಗಳು, ಗಂಡುಕರುಗಳು. ಹಾಲು ಕೊಳ್ಳುವಾಗ ಲೀಟರಿನ ಬೆಲೆಯನ್ನಷ್ಟೇ ತೆತ್ತ ಮನೆಯವರು ಆ ಜೀವದ ಮುಪ್ಪಿನ ಬೆಲೆಯನ್ನು ತೆತ್ತಿರುವುದಿಲ್ಲ. ಗೋಶಾಲೆಗೆ ಕೊಡುವುದನ್ನು ದಾನವೆನ್ನುವುದಕ್ಕಿಂತ ಬಾಕಿಯ ಸಂದಾಯವೆಂದರೆ ಹೆಚ್ಚು ಸರಿಯಾದೀತು.

ಇನ್ನು ಕ್ರಮ. 300 ಕಿಲೋಗ್ರಾಂ ತೂಕದ ಒಂದು ರಾಸಿಗೆ ಅದರ ತೂಕದ ನೂರಕ್ಕೆ ಎರಡೂವರೆಯಷ್ಟು ಒಣಪದಾರ್ಥವು ದಿನಕ್ಕೆ ಬೇಕು. ಬರಿಯ ಕಣಿಕೆಯ ಮೇಲೆಯೇ ಸಾಕುವುದಾದರೆ ದಿನಕ್ಕೆ ಸುಮಾರು 8 ಕಿಲೋ. ನಾಲ್ಕು ತಿಂಗಳಿಗೆ ಹತ್ತಿರ ಹತ್ತಿರ ಒಂದು ಟನ್. ನೂರು ರಾಸುಗಳಿದ್ದರೆ ನೂರು ಟನ್. ನೀರು ಬೇಸಿಗೆಯಲ್ಲಿ ರಾಸಿಗೆ 40 ಲೀಟರಿಗೂ ಮಿಗಿಲು. ಗುಜರಾತದ ಆ ಯೋಜನೆಯಲ್ಲಿ ರಾಸಿಗೆ ದಿನಕ್ಕೆ 30 ರೂಪಾಯಿ ಗೊತ್ತುಮಾಡಲಾಗಿತ್ತು. 2022ರಲ್ಲಿ ಕರ್ನಾಟಕ ಸರಕಾರವು ಆರಂಭಿಸಿದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಒಂದು ರಾಸಿಗೆ ವರ್ಷಕ್ಕೆ 11,000 ರೂಪಾಯಿ. ಭಾಗಿಸಿದರೆ ಅದೂ ದಿನಕ್ಕೆ 30ರ ಸುಮಾರಿಗೇ ಬರುತ್ತದೆ. ಹುಲ್ಲು ದುಬಾರಿಯಾದ ವರ್ಷ ಇದು ಸಾಲದು. ಏನೇ ಇರಲಿ, ತಿಂಗಳಿಗೆ ನಾಲ್ಕು ಪರ್ವೋಪವಾಸಗಳನ್ನು ಮಾಡುವ ಕುಟುಂಬದಲ್ಲಿ ಆ ನಾಲ್ಕು ದಿನ ಒಲೆಯಿಂದ ಉಳಿದುದನ್ನು ಬೇರೆ ತೆಗೆದಿಟ್ಟರೆ ಒಂದು ಪಶುವಿನ ಎಷ್ಟು ದಿನಗಳ ಮೇವಾದೀತೆಂಬುದನ್ನು ಮನೆಯ ಗೃಹಿಣಿಯೇ ಲೆಕ್ಕ ಹಾಕಬಲ್ಲಳು. ಹಾಗೆ ತೆಗೆದಿಡುವುದಾದರೆ ದೇವರ ಮುಂದೆ ಕಾಲಮರ್ಯಾದೆಯನ್ನು ಹೇಳಿ ನಿಯಮವಾಗಿಯೇ ತೆಗೆದುಕೊಳ್ಳುವುದು ಯುಕ್ತ. ಮೊತ್ತವು ಚಿಕ್ಕದಾಗಿದ್ದರೂ ಕಷ್ಟದ ವರ್ಷದಲ್ಲಿ ನಿಲ್ಲದಷ್ಟಿರಲಿ. ಸುಭಿಕ್ಷದಲ್ಲಿ ಸಾವಿರ ಹೇಳಿ ಬರದಲ್ಲಿ ಕೈಬಿಡುವುದಕ್ಕಿಂತ ನೂರನ್ನು ಹೇಳಿ ನಡೆಸುವುದು ಮೇಲು.

ಕೊಡುವುದರಲ್ಲಿಯೂ ವಿವೇಕ ಬೇಕು. ಹಬ್ಬದ ದಿನ ಗೋಶಾಲೆಗೆ ಹೋಗಿ ಅನ್ನ, ಪಾಯಸ, ಹೋಳಿಗೆಗಳನ್ನು ದನದ ಮುಂದೆ ರಾಶಿ ಹಾಕುವ ರೂಢಿಯಿದೆ. ಬೆಂದ ಧಾನ್ಯವನ್ನು ಒಮ್ಮೆಲೇ ತಿಂದರೆ ದನದ ಮೊದಲ ಹೊಟ್ಟೆಯಲ್ಲಿ ಆಮ್ಲವು ಹೆಚ್ಚಿ, ಹೊಟ್ಟೆಯುಬ್ಬರಿಸಿ, ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗಬಹುದು. ಬಹುದಿನ ಹಸಿದಿದ್ದ ದನಕ್ಕೆ ಅದು ಇನ್ನೂ ಅಪಾಯ. ನೀರಿಲ್ಲದೆ ಬಾಡಿದ ಎಳೆಯ ಜೋಳದ ಪೈರಿನಲ್ಲಿ ವಿಷವಿರುವುದನ್ನು ರೈತರು ಬಲ್ಲರು. ಬರದ ವರ್ಷ ಅಗ್ಗವಾಗಿ ಸಿಕ್ಕಿತೆಂದು ಅದನ್ನು ಕೊಂಡು ಕಳುಹಿಸಕೂಡದು. ಅಡಿಗೆಮನೆಯ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಬೀದಿಗೆಸೆಯುವ ಮನೆಯವರು ಗೋಶಾಲೆಗೆ ಎಷ್ಟು ಕೊಟ್ಟರೇನು, ಆ ಚೀಲವನ್ನು ನುಂಗಿದ ಹಸು ಹೊಟ್ಟೆ ಕಟ್ಟಿ ಸಾಯುವುದು ತಪ್ಪುವುದಿಲ್ಲ.

ಉಳಿದುದು ಕಾಲದ ವಿಚಾರ. ಶ್ರಾವಕರ ದಾನವೆಲ್ಲ ಸಾಮಾನ್ಯವಾಗಿ ಭಾದ್ರಪದದಲ್ಲಿ, ದಶಲಕ್ಷಣ ಪರ್ವದಲ್ಲಿಯೂ ಅನಂತನ ನೋಂಪಿಯ ಉದ್ಯಾಪನೆಯಲ್ಲಿಯೂ ಸಲ್ಲುತ್ತದೆ. ಭಾದ್ರಪದದಲ್ಲಿ ಹೊಲಗದ್ದೆಗಳ ಬದುಗಳಲ್ಲೆಲ್ಲ ಹಸಿರು ಹುಲ್ಲು. ಗೋಶಾಲೆಗೆ ಆಗ ಅಷ್ಟೊಂದು ಕೊರತೆಯಿರುವುದಿಲ್ಲ. ಆ ಹಣವು ಆರು ತಿಂಗಳಲ್ಲಿ ಬೇರೆ ಬೇರೆ ಖರ್ಚುಗಳಿಗೆ ಕರಗಿ, ಚೈತ್ರ ವೈಶಾಖಗಳಲ್ಲಿ ವ್ಯವಸ್ಥಾಪಕರು ಮತ್ತೆ ಮನೆಮನೆ ತಿರುಗಬೇಕಾಗುತ್ತದೆ. ಹಿಂಗಾರಿ ಜೋಳದ ಒಕ್ಕಣೆ ಮುಗಿದು ಹೊಸ ಕಣಿಕೆಯು ಹೊಲದಿಂದ ಹೊರಬೀಳುವುದು ಮಾಘ ಫಾಲ್ಗುಣಗಳಲ್ಲಿ. ವರ್ಷದಲ್ಲಿ ಕಣಿಕೆಯು ಸುಲಭ ಬೆಲೆಗೆ ದೊರೆಯುವುದೂ ಆಗಲೇ. ಫಾಲ್ಗುಣದ ನಂದೀಶ್ವರ ಅಷ್ಟಾಹ್ನಿಕವು ಸರಿಯಾಗಿ ಅದೇ ಕಾಲಕ್ಕೆ ಬರುತ್ತದೆ. ಆ ಎಂಟು ದಿನಗಳಲ್ಲಿ ಉಪವಾಸ, ಏಕಾಶನಗಳನ್ನು ಮಾಡುವವರು ತಮ್ಮ ದಯಾದತ್ತಿಯನ್ನು ಆಗ ಕೊಟ್ಟರೆ, ಭಾದ್ರಪದದಲ್ಲಿ ಕೂಡಿದ ಹಣವನ್ನೂ ಬೇರೆಡೆ ಮುಟ್ಟದೆ ಆ ತನಕ ಕಾದಿರಿಸಿದರೆ, ಅಷ್ಟೇ ಹಣಕ್ಕೆ ಹೆಚ್ಚು ಮೇವು ದೊರೆಯುತ್ತದೆ.

ಕೊಂಡ ಕಣಿಕೆಯನ್ನು ಬರಿಯ ನೆಲದ ಮೇಲೆ ಒಟ್ಟಬಾರದು. ಕಲ್ಲಿನ ಅಥವಾ ಮರದ ದಿಮ್ಮಿಯ ಅಟ್ಟಣೆಯ ಮೇಲೆ ಬಣವೆಯನ್ನೊಟ್ಟಿ ಮೇಲ್ಗಡೆ ಚೆನ್ನಾಗಿ ಹೊದಿಸಿದರೆ ಗೆದ್ದಲೂ ನೀರೂ ತಾಗುವುದಿಲ್ಲ. ನೆನೆದ ಕಣಿಕೆಗೆ ಬೂಷ್ಟು ಹಿಡಿದು ದನಕ್ಕೆ ಕೆಡುಕಾಗುವುದಲ್ಲದೆ, ಅದರಲ್ಲಿ ಹುಟ್ಟುವ ತ್ರಸಜೀವಿಗಳ ಹಿಂಸೆಯೂ ಒದಗುತ್ತದೆ. ಬಣವೆಗಳು ಒಂದಕ್ಕೊಂದು ತಾಗದಂತೆ ದೂರದೂರದಲ್ಲಿದ್ದರೆ ಬೆಂಕಿಯ ಭಯ ಕಡಿಮೆ. ಜ್ಯೇಷ್ಠದಲ್ಲಿ ಮೊದಲ ಮಳೆ ಬಿದ್ದೊಡನೆ ಮೇವಿನ ಚಿಂತೆ ತೀರಿತೆಂದು ಕೈಬಿಡುವವರುಂಟು. ಬಿತ್ತಿದ ಹಸಿರು ಮೇವು ಕೊಯ್ಲಿಗೆ ಬರಲು ಮತ್ತೆ ವಾರಗಳು ಹಿಡಿಯುತ್ತವೆ. ಆದುದರಿಂದ ಫಾಲ್ಗುಣದ ಅಷ್ಟಾಹ್ನಿಕದಲ್ಲಿ ಒಟ್ಟಿದ ಬಣವೆಯು ಆಷಾಢದ ಅಷ್ಟಾಹ್ನಿಕದವರೆಗೆ, ಎಂದರೆ ಪೂರ್ತಿ ನಾಲ್ಕು ತಿಂಗಳು, ಬರುವಂತೆ ಲೆಕ್ಕ ಹಾಕತಕ್ಕದ್ದು.